ಡಿಮಾಡ್ಯುಲೇಟ್: ಅಲೆಯೊಳಗಿನ ಮಾತನ್ನು ಬಿಡಿಸುವ ಬಗೆ

(ಇದು ನಾನು ಕೊಟ್ಟ ಉಪನ್ಯಾಸವೊಂದರ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಗೆ ಅಂದು ಅವಸರದಲ್ಲಿ ಕೊಟ್ಟ ಉತ್ತರವನ್ನು ತುಸು ಹಿಗ್ಗಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿಷಯಕ್ಕೆ ಬರುವ ಮುನ್ನ ಒಂದು ಸಣ್ಣ ಪ್ರಯೋಗ ಮಾಡೋಣ. ಎಲ್ಲರೂ ಗಂಟಲಿನ ಮೇಲೆ ಎರಡು ಬೆರಳು ಇಟ್ಟುಕೊಳ್ಳಿ. ‘ನಾಳೆ ಬೆಳಿಗ್ಗೆ ಬೇಗ ಬನ್ನಿ’ ಎಂದು ಗಟ್ಟಿಯಾಗಿ ಹೇಳಿ. ಬೆರಳಿಗೆ ಗುಂಯ್ ಎನ್ನುವ ಕಂಪನ ತಾಗಿತಲ್ಲವೇ? ಈಗ ಅದೇ ಮಾತನ್ನು ಪಿಸುದನಿಯಲ್ಲಿ ಹೇಳಿ. ಕಂಪನ ಇಲ್ಲ. ಆದರೂ ಪಕ್ಕದವರಿಗೆ ನಿಮ್ಮ ಮಾತು ಒಂದಕ್ಷರ ಬಿಡದೆ ಕೇಳಿಸಿತು, ತಿಳಿಯಿತು.

ಹಾಗಾದರೆ ಮಾತು ಇದ್ದದ್ದು ಎಲ್ಲಿ? ಗಂಟಲಿನ ಆ ಗುಂಯ್‌ನಲ್ಲಿ ಇದ್ದಿದ್ದರೆ ಪಿಸುದನಿಯಲ್ಲಿ ಅದು ಕಳೆದುಹೋಗಬೇಕಿತ್ತು. ಧ್ವನಿತಂತುಗಳು ಸೆಕೆಂಡಿಗೆ ನೂರು, ಇನ್ನೂರು ಸಲ ಕಂಪಿಸುತ್ತವೆ. ನಾಲಿಗೆ, ತುಟಿ, ದವಡೆಗಳು ಅಷ್ಟು ಚುರುಕಲ್ಲ. ಸೆಕೆಂಡಿಗೆ ನಾಲ್ಕೈದು ಅಕ್ಷರ ಆಡುವಷ್ಟು ನಿಧಾನವಾಗಿ ಹೊರಳುತ್ತವೆ. ಈ ನಿಧಾನದ ಹೊರಳಾಟವೇ ಮಾತು. ಗಂಟಲು ಕೊಡುವುದು ಅದನ್ನು ಹೊತ್ತೊಯ್ಯುವ ನಾದವನ್ನು ಮಾತ್ರ. ಪಿಸುಗುಟ್ಟುವಾಗ ನಾದದ ಬದಲು ಉಸಿರಿನ ಸುಯ್ಲು ಹೊರುತ್ತದೆ. ಹೊರುವವರು ಬದಲಾದರೂ ಹೊರೆ ಅದೇ. ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ 1940ರಲ್ಲಿ ಇದನ್ನೇ ರೇಡಿಯೊ ಎಂಜಿನಿಯರುಗಳ ಭಾಷೆಯಲ್ಲಿ ವಿವರಿಸಿದರು: ಗಂಟಲಿನದು ವಾಹಕ ತರಂಗ, ಬಾಯಿಯದು ಮಾಡ್ಯುಲೇಷನ್.

ಇಂದು ನಾನು ಮಾತಾಡಬೇಕೆಂದಿರುವುದು ಈ ಕೆಲಸದ ಮರುಪಯಣದ ಬಗ್ಗೆ. ಹೊತ್ತು ತಂದ ಅಲೆಯಿಂದ ಹೊರೆಯನ್ನು ಬಿಡಿಸಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದವಿದೆ: ಡಿಮಾಡ್ಯುಲೇಟ್. ಉಚ್ಚರಿಸುವಾಗ ಒತ್ತು ‘ಮಾ’ ಮೇಲೆ ಬೀಳುತ್ತದೆ. ಎಲೆಕ್ಟ್ರಾನಿಕ್ಸ್ ಓದಿದವರಿಗೆಲ್ಲ ಪರಿಚಿತ ಪದ. ಪರೀಕ್ಷೆಯಲ್ಲಿ ಇದರ ಅರ್ಥ ಕೇಳಿದರೆ ‘ಮಾಡ್ಯುಲೇಷನ್ನಿನ ವಿರುದ್ಧ ಕ್ರಿಯೆ’ ಎಂದು ಬರೆದು ಅಂಕ ತೆಗೆದುಕೊಳ್ಳುತ್ತೇವೆ. ನನ್ನ ತಕರಾರು ಇರುವುದು ಆ ‘ವಿರುದ್ಧ’ ಎಂಬ ಪದದ ಮೇಲೆ.

ಮೊದಲು ಪದದ ಬೇರು ನೋಡೋಣ. ಲ್ಯಾಟಿನ್ನಿನಲ್ಲಿ ‘ಮೋಡುಸ್’ ಎಂದರೆ ಅಳತೆ. ಅದರ ಕಿರಿದು ರೂಪ ‘ಮೋಡುಲುಸ್’, ಸಣ್ಣ ಅಳತೆ. ಅದರಿಂದ ಬಂದ ಕ್ರಿಯಾಪದಕ್ಕೆ ಅಳತೆಯರಿತು, ಲಯವರಿತು ನಡೆಸು ಎಂಬ ಅರ್ಥ. ರೇಡಿಯೊ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇಂಗ್ಲಿಷಿನವರು ದನಿಯನ್ನು ಹದವಾಗಿ ಏರಿಳಿಸುವುದಕ್ಕೆ ‘ಮಾಡ್ಯುಲೇಟ್’ ಎನ್ನುತ್ತಿದ್ದರು. ಎಂಜಿನಿಯರುಗಳು ಅದನ್ನು ಎರವಲು ಪಡೆದರು. ಮುಂದೆ ‘ಡಿ’ ಸೇರಿಸಿದರು. ಕಟ್ಟಿದ್ದನ್ನು ಬಿಚ್ಚು, ಹಾಕಿದ್ದನ್ನು ತೆಗೆ ಎಂಬ ಅರ್ಥ ಕೊಡುವ ಉಪಸರ್ಗ ಅದು. ಮೂಲ ಪದ ಇಂದಿಗೂ ನಾನಾ ಕಡೆ ಓಡಾಡುತ್ತದೆ; ಗಾಯಕರು, ವೈದ್ಯರು, ಜೀವವಿಜ್ಞಾನಿಗಳು ಎಲ್ಲರೂ ಬಳಸುತ್ತಾರೆ. ‘ಡಿ’ ಸೇರಿದ ರೂಪ ಮಾತ್ರ ಸಿಗ್ನಲ್ಲಿನ ಲೋಕ ಬಿಟ್ಟು ಹೆಚ್ಚು ಆಚೆ ಹೋಗಿಲ್ಲ. ಏರಿಸಿದ ದನಿಯನ್ನು ಇಳಿಸಿದ ಗಾಯಕನನ್ನು ಯಾರೂ ಡಿಮಾಡ್ಯುಲೇಟ್ ಮಾಡಿದ ಎನ್ನುವುದಿಲ್ಲ.

ಅಲೆಯ ಮೇಲೆ ಮಾತನ್ನು ಹೇರುವ ಉಸಾಬರಿಯಾದರೂ ಏಕೆ? ನೇರವಾಗಿ ಮಾತನ್ನೇ ವಿದ್ಯುತ್ ಅಲೆಯಾಗಿ ಗಾಳಿಗೆ ಬಿಡಬಾರದೇ? ಲೆಕ್ಕ ಹಾಕಿ ನೋಡಿ. ಮಾತಿನಲ್ಲಿರುವ 3000 ಹರ್ಟ್ಸ್ (ಸೆಕೆಂಡಿಗೆ 3000 ಸಲದ) ಕಂಪನವನ್ನು ರೇಡಿಯೊ ಅಲೆಯಾಗಿಸಿದರೆ ಅದರ ಉದ್ದ 100 ಕಿಲೋಮೀಟರ್. ಸಾಮಾನ್ಯವಾಗಿ ಆಂಟೆನಾ ಅಲೆಯ ಕಾಲುಭಾಗದಷ್ಟಾದರೂ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಂದರೆ 25 ಕಿಲೋಮೀಟರ್ ಎತ್ತರದ ಕಂಬ! ಅದೇ ಮಾತನ್ನು 100 ಮೆಗಾಹರ್ಟ್ಸ್ ವಾಹಕದ ಮೇಲೆ ಹೇರಿದರೆ ಅಲೆಯ ಉದ್ದ 3 ಮೀಟರಿಗೆ ಇಳಿಯುತ್ತದೆ, ಮುಕ್ಕಾಲು ಮೀಟರಿನ ಕಡ್ಡಿ ಸಾಕು. ಜೊತೆಗೆ ಎಲ್ಲರ ಮಾತೂ ಒಂದೇ ಕಂಪನಾಂಕಗಳ ವ್ಯಾಪ್ತಿಯಲ್ಲಿರುವುದರಿಂದ ನೇರವಾಗಿ ಬಿಟ್ಟರೆ ಒಂದರೊಳಗೊಂದು ಕಲಸಿಹೋಗುತ್ತವೆ. ಒಬ್ಬೊಬ್ಬರಿಗೂ ಬೇರೆಬೇರೆ ವಾಹಕ ಕೊಟ್ಟರೆ ಆ ತೊಂದರೆ ಇಲ್ಲ.

‘ಹೇರು’ ಎಂದು ನಾನೇ ಹೇಳುತ್ತಿದ್ದೇನೆ. ಆದರೆ ಒಂದು ಎಚ್ಚರಿಕೆ. ಗಾಡಿಯ ಮೇಲೆ ಮೂಟೆ ಇಟ್ಟಂತೆ ಅಲೆಯ ಮೇಲೆ ಮಾತು ಕೂತಿರುವುದಿಲ್ಲ. ಅಲೆಯ ನಡಿಗೆಯೇ ಬದಲಾಗಿರುತ್ತದೆ. ಎತ್ತರ ಬದಲಾದರೆ ಎ.ಎಂ., ಕಂಪನಾಂಕ ಬದಲಾದರೆ ಎಫ್.ಎಂ., ಅಲೆ ತನ್ನ ಸುತ್ತಿನಲ್ಲಿ ಎಷ್ಟು ಮುಂದೆ ಅಥವಾ ಹಿಂದೆ ಇದೆ ಎಂಬುದು ಬದಲಾದರೆ ಫೇಸ್ ಮಾಡ್ಯುಲೇಷನ್. ದೂರದಿಂದ ಬರುವ ಪರಿಚಯದವರನ್ನು ನಡಿಗೆಯಿಂದಲೇ ಗುರುತಿಸುತ್ತೇವಲ್ಲ, ಇಂದು ಕಾಲು ನೋವಿದೆಯೆಂದೂ ಹೇಳಿಬಿಡುತ್ತೇವಲ್ಲ, ಅಂಥ ಕೆಲಸ ಇದು. ಅವರು ಎಂದಿನಂತೆ ಹೇಗೆ ನಡೆಯುತ್ತಾರೆ ಎಂದು ಗೊತ್ತಿದ್ದರೆ ಮಾತ್ರ ಇಂದಿನ ಕುಂಟು ಕಾಣುತ್ತದೆ.

ಕನ್ನಡದಲ್ಲಿ ‘ಬಿಡಿಸು’ ಎಂಬ ಒಳ್ಳೆಯ ಕ್ರಿಯಾಪದವಿದೆ. ಗಂಟು ಬಿಡಿಸುತ್ತೇವೆ. ಒಗಟು ಬಿಡಿಸುತ್ತೇವೆ. ಎರಡಕ್ಕೂ ಪದ ಒಂದೇ, ಕೆಲಸ ಬೇರೆ. ಗಂಟು ಬಿಡಿಸುವಾಗ ಕಟ್ಟಿದ ಹೆಜ್ಜೆಗಳನ್ನು ಹಿಮ್ಮುಖವಾಗಿ ನಡೆದರೆ ಆಯಿತು, ಹಗ್ಗ ಕೈಯಲ್ಲೇ ಇದೆ. ಒಗಟು ಹಾಗಲ್ಲ. ಒಗಟು ಹಾಕಿದವರ ಮನಸ್ಸಿನಲ್ಲಿ ಏನಿತ್ತೆಂದು ಸುಳಿವುಗಳಿಂದ ಊಹಿಸಬೇಕು. ‘ಡಿ’ ಎಂಬ ಉಪಸರ್ಗ ಡಿಮಾಡ್ಯುಲೇಷನ್ನನ್ನು ಗಂಟು ಬಿಡಿಸುವ ಕೆಲಸವೆಂಬಂತೆ ತೋರಿಸುತ್ತದೆ. ಇಷ್ಟು ವರ್ಷ ಈ ವಿಷಯ ಓದಿ, ಪಾಠ ಹೇಳಿ ನನಗೆ ಮನದಟ್ಟಾಗಿರುವುದು ಇದು: ಅದು ಒಗಟು ಬಿಡಿಸುವ ಕೆಲಸ. ಕಳಿಸುವವನಿಗೆ ತಾನೇನು ಮಾಡುತ್ತಿದ್ದೇನೆಂದು ಪೂರ್ತಿ ಗೊತ್ತು. ಪಡೆಯುವವನ ಕೈಗೆ ಬರುವುದು ದಾರಿಯಲ್ಲಿ ಸೊರಗಿದ, ಗೋಡೆಗಳಿಗೆ ಬಡಿದು ಹಲವು ಕವಲಾಗಿ ಬಂದ, ಗದ್ದಲ ಬೆರೆತ ಅಲೆ. ವಾಹಕದ ಸರಿಯಾದ ಕಂಪನಾಂಕ ಯಾವುದು, ಅದರ ಸುತ್ತು ಎಲ್ಲಿಂದ ಶುರು, ಒಂದು ಬಿಟ್ (ಸೊನ್ನೆ ಅಥವಾ ಒಂದು ಎಂಬ ಅಂಕಿ) ಮುಗಿದು ಇನ್ನೊಂದು ಮೊದಲಾಗುವುದು ಯಾವ ಗಳಿಗೆಯಲ್ಲಿ, ಇದೆಲ್ಲವನ್ನೂ ಆತ ಊಹಿಸಬೇಕು.

ಹಳೆಯ ಎ.ಎಂ. ರೇಡಿಯೊ ಇದಕ್ಕೆ ಅಪವಾದದಂತೆ ಕಾಣುತ್ತದೆ. ಒಂದು ಡಯೋಡ್, ಒಂದು ಕೆಪಾಸಿಟರ್, ಒಂದು ರೆಸಿಸ್ಟರ್, ಇಷ್ಟೇ ಸಾಕು. ಡಯೋಡ್ ಅಲೆಯ ಕೆಳಗಿನ ಅರ್ಧವನ್ನು ಕತ್ತರಿಸಿ ಹಾಕುತ್ತದೆ. ಕೆಪಾಸಿಟರ್ ಪ್ರತಿ ಅಲೆಯ ತುದಿಗೂ ತುಂಬಿಕೊಂಡು ಮುಂದಿನ ತುದಿ ಬರುವವರೆಗೆ ನಿಧಾನವಾಗಿ ಬರಿದಾಗುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಸಲ ಕುಣಿಯುವ ಅಲೆ ಹೀಗೆ ಅಳಿಸಿಹೋಗಿ, ಅದರ ತುದಿಗಳನ್ನು ಸೇರಿಸುವ ಗೆರೆ ಉಳಿಯುತ್ತದೆ. ಆ ಗೆರೆಯೇ ಮಾತು. ಕೆಪಾಸಿಟರ್ ಬರಿದಾಗುವುದು ರೆಸಿಸ್ಟರಿನ ಮೂಲಕ. ರೆಸಿಸ್ಟರ್ ತುಂಬಾ ದೊಡ್ಡದಾದರೆ ಅದು ತಡವಾಗಿ ಮಾತಿನ ಇಳಿತಗಳು ತಪ್ಪಿಹೋಗುತ್ತವೆ. ತುಂಬಾ ಸಣ್ಣದಾದರೆ ವಾಹಕದ ಹಲ್ಲುಗಳು ಉಳಿದುಬಿಡುತ್ತವೆ. ನನ್ನ ಕೈಯಾರೆ ಮೊದಲು ಕಟ್ಟಿದ ಸರ್ಕ್ಯೂಟ್ ಇದು. ಬ್ಯಾಟರಿ ಇಲ್ಲದೆ, ಅಲೆಯ ಶಕ್ತಿಯಿಂದಲೇ ಇಯರ್‌ಫೋನಿನಲ್ಲಿ ಮನುಷ್ಯರ ದನಿ ಕೇಳಿದ ಆ ಕ್ಷಣ ಇಂದಿಗೂ ನನ್ನೊಳಗೆ ಹಸಿಯಾಗಿದೆ.

ಇಷ್ಟು ಸುಲಭವಾಗುವುದಕ್ಕೆ ಕಾರಣವಿದೆ. ಎ.ಎಂ. ಪ್ರಸಾರದಲ್ಲಿ ಕಳಿಸುವವನು ಒಗಟಿನ ಜೊತೆಗೇ ಸುಳಿವನ್ನೂ ಧಾರಾಳವಾಗಿ ಕಳಿಸುತ್ತಾನೆ. ಒಂದೇ ಸ್ವರವನ್ನು ಪೂರ್ತಿ ಪ್ರಮಾಣದಲ್ಲಿ ಹೇರಿದಾಗಲೂ ಪ್ರಸಾರದ ಶಕ್ತಿಯಲ್ಲಿ ಮೂರನೇ ಎರಡು ಭಾಗ ಬರಿಯ ವಾಹಕಕ್ಕೇ ಹೋಗುತ್ತದೆ. ಆ ವಾಹಕದಲ್ಲಿ ಮಾತಿನ ಲವಲೇಶವೂ ಇಲ್ಲ. ಪಡೆಯುವ ಲಕ್ಷಾಂತರ ಪೆಟ್ಟಿಗೆಗಳು ಸರಳವಾಗಿರಲೆಂದು ಕಳಿಸುವ ಒಂದು ಕೇಂದ್ರ ತೆರುವ ಬೆಲೆ ಅದು. ಮಾತು ಇರುವುದು ವಾಹಕದ ಕಂಪನಾಂಕದ ಮೇಲಿನ ಮತ್ತು ಕೆಳಗಿನ ಎರಡು ಪಕ್ಕಗಳಲ್ಲಿ, ಎರಡರಲ್ಲೂ ಅದೇ ಮಾತು. ವಾಹಕವನ್ನೂ, ಆ ಎರಡು ಪಕ್ಕಗಳಲ್ಲಿ ಒಂದನ್ನೂ ಕೈಬಿಟ್ಟು ಕಳಿಸುವ ಬಗೆಯನ್ನು ಅಮೆರಿಕದ ಎಂಜಿನಿಯರ್ ಜಾನ್ ಕಾರ್ಸನ್ 1915ರಲ್ಲಿ ರೂಪಿಸಿದರು. ಶಕ್ತಿ ಉಳಿಯಿತು, ಆದರೆ ಒಗಟು ಕಠಿಣವಾಯಿತು. ಪಡೆಯುವವನು ಇಲ್ಲದ ವಾಹಕವನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಅದು ನೂರಿನ್ನೂರು ಹರ್ಟ್ಸ್ ಆಚೀಚೆ ಆದರೆ ಮಾತಾಡುತ್ತಿರುವವರ ದನಿಯೇ ವಿಕಾರವಾಗಿ, ಮನುಷ್ಯರದಲ್ಲವೆಂಬಂತೆ ಕೇಳುತ್ತದೆ.

ಇಲ್ಲಿ ಇನ್ನೊಂದು ಕ್ರಿಯಾಪದ ನೆನಪಾಗುತ್ತದೆ: ಡಿಟೆಕ್ಟ್, ಅಂದರೆ ಪತ್ತೆಹಚ್ಚು. ರೇಡಿಯೊದ ಆರಂಭದ ದಿನಗಳಲ್ಲಿ ಚಾಲ್ತಿಯಲ್ಲಿದ್ದದ್ದು ಇದೇ. ಜಗದೀಶಚಂದ್ರ ಬೋಸರು ಗೆಲೀನಾ ಹರಳಿನಿಂದ ಮಾಡಿದ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಅದರ ಶೀರ್ಷಿಕೆಯಲ್ಲಿದ್ದದ್ದು ‘ಡಿಟೆಕ್ಟರ್’ ಎಂಬ ಪದ. ಅದು ಆ ಕಾಲಕ್ಕೆ ಸರಿಯೇ ಆಗಿತ್ತು. ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತ ಕಳಿಸುವಾಗ ತಿಳಿಯಬೇಕಾದದ್ದು ಅಲೆ ಇದೆಯೋ ಇಲ್ಲವೋ ಎಂಬುದಷ್ಟೇ. 1900ರ ಡಿಸೆಂಬರ್ 23ರಂದು ರೆಜಿನಾಲ್ಡ್ ಫೆಸೆಂಡೆನ್ ಸುಮಾರು ಒಂದು ಮೈಲು ದೂರಕ್ಕೆ ಮನುಷ್ಯರ ದನಿಯನ್ನು ಅಲೆಯ ಮೇಲೆ ಕಳಿಸಿದ ಮೇಲೆ ಪ್ರಶ್ನೆ ಬದಲಾಯಿತು. ಅಲೆ ಇದೆ, ಸರಿ. ಅದು ಹೇಗೆ ಏರಿಳಿಯುತ್ತಿದೆ? ಹಳೆಯ ಪದ ಹೊಸ ಕೆಲಸಕ್ಕೂ ಅಂಟಿಕೊಂಡು ಉಳಿಯಿತು. ಮೇಲೆ ಹೇಳಿದ ಡಯೋಡ್ ಸರ್ಕ್ಯೂಟನ್ನು ಪಠ್ಯಪುಸ್ತಕಗಳು ಇಂದಿಗೂ ‘ಎನ್ವಲಪ್ ಡಿಟೆಕ್ಟರ್’ ಎಂದೇ ಕರೆಯುತ್ತವೆ. ಹಾಗಾಗಿ ಎರಡೂ ಪದಗಳು ಒಂದೇ ಎಂದು ವಿದ್ಯಾರ್ಥಿಗಳು ತಿಳಿದರೆ ತಪ್ಪು ಅವರದಲ್ಲ.

ಆದರೆ ಇವೆರಡರ ನಡುವಿನ ದೂರ ಎಷ್ಟು ದೊಡ್ಡದಾಗಬಹುದೆಂದು ತೋರಿಸುವ ಒಂದು ಘಟನೆ ಇದೆ. ಇಂದಿನ ಉಪನ್ಯಾಸ ಒಪ್ಪಿಕೊಂಡದ್ದೇ ಇದನ್ನು ಹೇಳಬೇಕೆಂಬ ಆಸೆಯಿಂದ.

1997ರ ಅಕ್ಟೋಬರ್ 15ರಂದು ಕ್ಯಾಸಿನಿ ನೌಕೆ ಶನಿ ಗ್ರಹದತ್ತ ಹೊರಟಿತು. ಅದರ ಮಗ್ಗುಲಲ್ಲಿ ಯುರೋಪಿನವರು ಕಟ್ಟಿದ ಹೈಗನ್ಸ್ ಎಂಬ ಪುಟ್ಟ ಶೋಧನೌಕೆ. ಶನಿಯ ಚಂದ್ರ ಟೈಟನ್ನಿನ ವಾತಾವರಣಕ್ಕೆ ಹೈಗನ್ಸ್ ಇಳಿಯಬೇಕು, ಇಳಿಯುತ್ತಾ ತಾನು ಕಂಡದ್ದನ್ನು ಮೇಲೆ ಹಾದುಹೋಗುವ ಕ್ಯಾಸಿನಿಗೆ ರೇಡಿಯೊದಲ್ಲಿ ಹೇಳಬೇಕು, ಕ್ಯಾಸಿನಿ ಅದನ್ನು ಭೂಮಿಗೆ ದಾಟಿಸಬೇಕು. ಯೋಜನೆಯಂತೆ ಎರಡರ ನಡುವಿನ ವೇಗ ಸೆಕೆಂಡಿಗೆ ಸುಮಾರು ಐದೂವರೆ ಕಿಲೋಮೀಟರ್. ಸಮೀಪಿಸುವ ರೈಲಿನ ಸಿಳ್ಳೆ ಕೀಚಲಾಗುವ ಹಾಗೆ ಆ ವೇಗಕ್ಕೆ ರೇಡಿಯೊ ಅಲೆಯ ಕಂಪನಾಂಕವೂ ಸರಿಯುತ್ತದೆ. ಇದು ಡಾಪ್ಲರ್ ಪರಿಣಾಮ. ರಿಸೀವರ್ ಕಟ್ಟಿದವರು ವಾಹಕದ ಆ ಸರಿತಕ್ಕೆ ಜಾಗ ಬಿಟ್ಟಿದ್ದರು.

2000ದ ಫೆಬ್ರವರಿಯಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಎಂಜಿನಿಯರ್ ಬೋರಿಸ್ ಸ್ಮೆಡ್ಸ್ ಒಂದು ಪರೀಕ್ಷೆ ನಡೆಸಿದರು. ನೌಕೆ ಆಗಲೇ ದೂರದ ದಾರಿಯಲ್ಲಿತ್ತು. ಹೈಗನ್ಸ್ ಕಳಿಸಲಿರುವಂಥ ಸಿಗ್ನಲ್ಲನ್ನು, ಡಾಪ್ಲರ್ ಸರಿತವನ್ನೂ ಬೆರೆಸಿ, ಅಮೆರಿಕದ ಗೋಲ್ಡ್‌ಸ್ಟೋನಿನ ಆಂಟೆನಾದಿಂದ ಕ್ಯಾಸಿನಿಗೆ ಕಳಿಸಿದರು. ಕ್ಯಾಸಿನಿ ವಾಹಕವನ್ನು ಹಿಡಿಯಿತು. ಆದರೆ ಅದರೊಳಗಿನ ದತ್ತಾಂಶ ಚಿಂದಿಯಾಗಿತ್ತು.

ಆದದ್ದು ಇಷ್ಟು. ಡಾಪ್ಲರ್ ಪರಿಣಾಮ ವಾಹಕವನ್ನು ಮಾತ್ರ ಹಿಗ್ಗಿಸಿ ಕುಗ್ಗಿಸುವುದಿಲ್ಲ, ಅದು ಹೊತ್ತಿರುವ ಬಿಟ್ಟುಗಳ ಅವಧಿಯನ್ನೂ ಹಿಗ್ಗಿಸಿ ಕುಗ್ಗಿಸುತ್ತದೆ. ಹೈಗನ್ಸ್ ಸೆಕೆಂಡಿಗೆ 8192 ಬಿಟ್ ಕಳಿಸುತ್ತಿತ್ತು. ಐದೂವರೆ ಕಿಲೋಮೀಟರ್ ವೇಗಕ್ಕೆ ಅದರಲ್ಲಾಗುವ ವ್ಯತ್ಯಾಸ ಸೆಕೆಂಡಿಗೆ 0.15 ಬಿಟ್! ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಒಂದು ಬಿಟ್ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಊಹಿಸುವ ಭಾಗಕ್ಕೆ ಅಷ್ಟನ್ನೂ ಹಿಂಬಾಲಿಸುವ ಸಡಿಲ ಇಟ್ಟಿರಲಿಲ್ಲ. ಏಳು ಸೆಕೆಂಡಿನಲ್ಲಿ ಒಂದು ಪೂರ್ತಿ ಬಿಟ್ಟಿನಷ್ಟು ತಾಳ ತಪ್ಪುತ್ತದೆ. ರಿಸೀವರಿನ ಆ ಸಡಿಲವನ್ನು ಭೂಮಿಯಿಂದ ತಿದ್ದುವ ದಾರಿಯೂ ಇರಲಿಲ್ಲ.

ಡಿಮಾಡ್ಯುಲೇಟರನ್ನು ಬದಲಿಸಲಾಗದಿದ್ದರೆ ಸಿಗ್ನಲ್ಲನ್ನೇ ಬದಲಿಸಬೇಕು. ಯೋಜನೆಯ ಎಂಜಿನಿಯರುಗಳು ಕ್ಯಾಸಿನಿಯ ಪಥವನ್ನೇ ಬದಲಿಸಿದರು. ಟೈಟನ್ನಿನಿಂದ ಬಹುದೂರದಲ್ಲಿ, ಹೈಗನ್ಸಿನ ನೇರಕ್ಕೆ ಬರದೆ ಅಡ್ಡಲಾಗಿ ಹಾಯುವಂತೆ ಲೆಕ್ಕ ಹಾಕಿದರು. ಅಡ್ಡ ಹಾಯುವಾಗ ಡಾಪ್ಲರ್ ಸರಿತ ತೀರಾ ಕಡಿಮೆ. 2005ರ ಜನವರಿ 14ರಂದು ಹೈಗನ್ಸ್ ಟೈಟನ್ ಮೇಲೆ ಇಳಿಯಿತು. ಅದರ ಮಾತು ಕ್ಯಾಸಿನಿಗೆ ಸರಿಯಾಗಿಯೇ ಮುಟ್ಟಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ನನ್ನ ಕ್ರಿಯಾಪದಕ್ಕೆ ಬೇಕಾದ ಪುರಾವೆ ಇರುವುದು ಮುಂದಿನ ಭಾಗದಲ್ಲಿ. ಹೈಗನ್ಸ್ ಎರಡು ಚಾನೆಲ್ಲುಗಳಲ್ಲಿ ಕಳಿಸುತ್ತಿತ್ತು. ಆಜ್ಞೆಗಳ ಪಟ್ಟಿಯಲ್ಲಾದ ಒಂದು ಲೋಪದಿಂದ ಮೊದಲ ಚಾನೆಲ್ಲಿಗೆ ಕ್ಯಾಸಿನಿಯ ಕಡೆ ಕಿವಿಯೇ ತೆರೆದಿರಲಿಲ್ಲ. ಆ ಚಾನೆಲ್ಲಿನ ಚಿತ್ರಗಳೆಲ್ಲ ಹೋದವು. ಉಳಿದ ಚಾನೆಲ್ಲಿನಿಂದ ಸುಮಾರು 350 ಚಿತ್ರ ಬಂದವು. ಅದೇ ಹೊತ್ತಿಗೆ ಅಮೆರಿಕದ ಗ್ರೀನ್ ಬ್ಯಾಂಕ್, ಆಸ್ಟ್ರೇಲಿಯಾದ ಪಾರ್ಕ್ಸ್ ಮುಂತಾದ ಕಡೆಯ ದೈತ್ಯ ರೇಡಿಯೊ ದೂರದರ್ಶಕಗಳು ನೇರವಾಗಿ ಟೈಟನ್ನಿನತ್ತ ಮುಖಮಾಡಿ ಕಾದಿದ್ದವು. ನೂರು ಕೋಟಿ ಕಿಲೋಮೀಟರಿಗೂ ಆಚೆಯಿಂದ ಬಂದ ಆ ಕಳೆದುಹೋದ ಚಾನೆಲ್ಲಿನ ವಾಹಕವನ್ನು ಅವು ಹಿಡಿದವು. ವಾಹಕದ ಕಂಪನಾಂಕ ಹೇಗೆ ಸರಿಯಿತೆಂದು ಅಳೆದು ಟೈಟನ್ನಿನ ಗಾಳಿಯ ವೇಗವನ್ನೂ ಲೆಕ್ಕ ಹಾಕಿದರು. ಆದರೆ ಅದರೊಳಗಿನ ಚಿತ್ರಗಳು ಬರಲಿಲ್ಲ. ಅಷ್ಟು ಬಡವಾದ ಸಿಗ್ನಲ್ಲಿನಲ್ಲಿ ಒಂದೊಂದು ಬಿಟ್ಟನ್ನೂ ಸೊನ್ನೆಯೋ ಒಂದೋ ಎಂದು ತೀರ್ಮಾನಿಸುವುದು ಸಾಧ್ಯವಿರಲಿಲ್ಲ. ಅಲೆಯನ್ನು ಡಿಟೆಕ್ಟ್ ಮಾಡಿದರು, ಡಿಮಾಡ್ಯುಲೇಟ್ ಮಾಡಲಾಗಲಿಲ್ಲ. ಈ ಎರಡು ಕ್ರಿಯಾಪದಗಳ ನಡುವೆ ನೂರಾರು ಚಿತ್ರಗಳು ಕಳೆದುಹೋದವು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ಬಳಕೆಯ ಮಾತು. ಡಿಮಾಡ್ಯುಲೇಟ್ ಸಕರ್ಮಕ ಕ್ರಿಯಾಪದ. ಯಾವುದನ್ನು ಎಂಬ ಪ್ರಶ್ನೆಗೆ ಉತ್ತರ ಇರಲೇಬೇಕು. ಸಾಮಾನ್ಯವಾಗಿ ಆ ಉತ್ತರ ಸಿಗ್ನಲ್ ಅಥವಾ ವಾಹಕ: ರಿಸೀವರ್ ಸಿಗ್ನಲ್ಲನ್ನು ಡಿಮಾಡ್ಯುಲೇಟ್ ಮಾಡುತ್ತದೆ. ಆದರೆ ‘ಡಿಮಾಡ್ಯುಲೇಟ್ ಆದ ದನಿ’, ‘ಡಿಮಾಡ್ಯುಲೇಟ್ ಆದ ದತ್ತಾಂಶ’ ಎಂದೂ ಬರೆಯುತ್ತಾರೆ. ಅಲ್ಲಿ ಕರ್ಮವಾಗಿ ನಿಂತಿರುವುದು ಕೆಲಸಕ್ಕೆ ಒಳಗಾದ ವಸ್ತುವಲ್ಲ, ಕೆಲಸದಿಂದ ಕೈಗೆ ಬಂದ ವಸ್ತು. ಕೆಲವರಿಗೆ ಇದು ತಪ್ಪೆನ್ನಿಸುತ್ತದೆ, ನನಗೆ ಅನ್ನಿಸುವುದಿಲ್ಲ. ನಮ್ಮ ‘ಬಿಡಿಸು’ ಕೂಡ ಹೀಗೆಯೇ ನಡೆದುಕೊಳ್ಳುತ್ತದೆ. ಗಂಟು ಬಿಡಿಸಿದರೆ ಗಂಟು ಇಲ್ಲವಾಗುತ್ತದೆ, ಹತ್ತಿ ಬಿಡಿಸಿದರೆ ಹತ್ತಿ ಕೈಗೆ ಬರುತ್ತದೆ.

ಅಕ್ಕಪಕ್ಕದ ಪದಗಳ ಜೊತೆ ಕಲಸಿಕೊಳ್ಳುವುದು ಮಾತ್ರ ನಿಜವಾದ ತಪ್ಪು. ಡಿಮಾಡ್ಯುಲೇಟ್ ಎಂದರೆ ಅಲೆಯಿಂದ ಬಿಟ್ಟುಗಳಿಗೋ ದನಿಗೋ ಬರುವುದು. ಡಿಕೋಡ್ ಎಂದರೆ ಆ ಬಿಟ್ಟುಗಳನ್ನು ಒಂದು ಒಪ್ಪಂದದ ಪ್ರಕಾರ ಓದುವುದು, ದಾರಿಯಲ್ಲಾದ ತಪ್ಪು ತಿದ್ದುವುದು. ಡೀಕ್ರಿಪ್ಟ್ ಎಂದರೆ ಬೇಕೆಂದೇ ಹಾಕಿದ ಬೀಗ ತೆರೆಯುವುದು. ಗೂಢಲಿಪಿಯ ಸಂದೇಶವೊಂದನ್ನು ಲೋಪವಿಲ್ಲದೆ ಡಿಮಾಡ್ಯುಲೇಟ್ ಮಾಡಿಯೂ ಅದರ ಒಂದು ಪದವೂ ತಿಳಿಯದೆ ಕೂರಬಹುದು. ಡಿಮಾಡ್ಯುಲೇಟರಿಗೆ ಅರ್ಥದ ಗೊಡವೆಯೇ ಇಲ್ಲ. ಸುದ್ದಿಯಲ್ಲಿ ‘ಸಿಗ್ನಲ್ ಡಿಕೋಡ್ ಮಾಡಿದರು’ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವಾಗ ಈ ಮೆಟ್ಟಿಲುಗಳು ಕಾಣೆಯಾಗುತ್ತವೆ.

ಮೆಟ್ಟಿಲುಗಳ ನಡುವೆ ಗೋಡೆ ಇದೆ ಎಂದೂ ತಿಳಿಯಬೇಡಿ. ಇಂದಿನ ವೈಫೈ ಕಳಿಸುವವನು ಅಲೆಯ ಎತ್ತರ ಮತ್ತು ಫೇಸ್ ಎರಡನ್ನೂ ಬದಲಿಸಿ 1024 ಬಗೆಯ ನಡಿಗೆಗಳನ್ನು ನಡೆಯಬಲ್ಲ. ಒಂದೊಂದು ನಡಿಗೆಗೆ 10 ಬಿಟ್. ಕಾಗದದ ಮೇಲೆ 32 ಸಾಲು, 32 ಕಂಬಸಾಲಿನಲ್ಲಿ ಚುಕ್ಕಿಗಳನ್ನಿಟ್ಟಂತೆ ಊಹಿಸಿಕೊಳ್ಳಿ. ಗದ್ದಲ ಬೆರೆತು ಬಂದ ಅಲೆ ಯಾವ ಚುಕ್ಕಿಯ ಮೇಲೂ ಸರಿಯಾಗಿ ಬೀಳುವುದಿಲ್ಲ, ನಡುವೆಲ್ಲೋ ಬೀಳುತ್ತದೆ. ಒಳ್ಳೆಯ ಡಿಮಾಡ್ಯುಲೇಟರ್ ‘ಇದು ಒಂದು’ ಎಂದು ಹಟ ಹಿಡಿಯುವುದಿಲ್ಲ. ‘ಬಹುಶಃ ಒಂದು, ಇಷ್ಟು ಭರವಸೆಯಿದೆ’ ಎಂದು ಅಂಕಿಯ ಸಮೇತ ಡಿಕೋಡರಿಗೆ ಒಪ್ಪಿಸುತ್ತದೆ. ಡಿಕೋಡರ್ ಆ ಅನುಮಾನಗಳನ್ನೆಲ್ಲ ಒಟ್ಟಿಗೆ ತೂಗಿ ತೀರ್ಮಾನಿಸುತ್ತದೆ. ಅನುಮಾನವನ್ನು ಮುಚ್ಚಿಡದೆ ಮುಂದಕ್ಕೆ ದಾಟಿಸಿದರೆ ತಪ್ಪುಗಳು ಕಡಿಮೆಯಾಗುತ್ತವೆ, ಇದು ಗಣಿತದಿಂದ ಸಿದ್ಧವಾದ ಮಾತು. ಗಂಟು ಬಿಡಿಸುವವನ ಬಾಯಲ್ಲಿ ‘ಬಹುಶಃ’ ಎಂಬ ಪದ ಬರುವುದಿಲ್ಲ.

ಇಷ್ಟೆಲ್ಲ ಓದದವರೂ ಈ ಕ್ರಿಯಾಪದದ ಅರ್ಧವನ್ನು ದಿನಾ ಆಡುತ್ತಾರೆ. ಮಾಡ್ಯುಲೇಟರ್‌ನ ‘ಮೊ’, ಡಿಮಾಡ್ಯುಲೇಟರ್‌ನ ‘ಡೆಮ್’, ಎರಡೂ ಸೇರಿ ಮೋಡೆಮ್.

ಕೊನೆಗೆ ಸಭಿಕರೊಬ್ಬರು ಕೇಳಿದ ಪ್ರಶ್ನೆ: ‘ಮೊದಲಿನ ಪಿಸುದನಿಯ ಪ್ರಯೋಗದಲ್ಲಿ ಡಿಮಾಡ್ಯುಲೇಟ್ ಮಾಡಿದವರು ಯಾರು ಸರ್? ನಮ್ಮ ಕಿವಿಯೇ?’

ಹೌದು, ಮೊದಲ ಹೆಜ್ಜೆ ಕಿವಿಯದೇ. ಒಳಗಿವಿಯ ಶಂಖದಂಥ ಸುರುಳಿ ದನಿಯನ್ನು ಬೇರೆಬೇರೆ ಕಂಪನಾಂಕಗಳಾಗಿ ಹರವುತ್ತದೆ. ಅಲ್ಲಿರುವ ರೋಮಕೋಶಗಳು ಒಂದು ಕಡೆಗೆ ಬಾಗಿದಾಗ ಬಲವಾಗಿ, ಇನ್ನೊಂದು ಕಡೆಗೆ ಬಾಗಿದಾಗ ತೀರಾ ಕಡಿಮೆ ಪ್ರತಿಕ್ರಿಯಿಸುತ್ತವೆ. ಡಯೋಡ್ ಮಾಡುವುದೂ ಇದನ್ನೇ. ವೇಗದ ಕಂಪನಗಳನ್ನು ಅವು ಒಂದೊಂದಾಗಿ ಹಿಂಬಾಲಿಸಲಾರವು, ಏರಿಳಿತದ ಗೆರೆಯನ್ನಷ್ಟೇ ಉಳಿಸಿಕೊಳ್ಳುತ್ತವೆ. ಕೆಪಾಸಿಟರ್ ಮಾಡುವುದೂ ಅದನ್ನೇ. 1995ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಾತನ್ನು ಕೆಲವೇ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯ ಏರಿಳಿತವನ್ನು ಮಾತ್ರ ಉಳಿಸಿ, ಅದನ್ನು ಬರಿಯ ಗದ್ದಲದ ಮೇಲೆ ಹೇರಿ ಕೇಳಿಸಿದರು. ನಾಲ್ಕು ಪಟ್ಟಿಗಳಿದ್ದರೂ ಸಾಕಿತ್ತು, ತುಸು ಅಭ್ಯಾಸದ ಮೇಲೆ ಜನ ವಾಕ್ಯಗಳನ್ನು ಗುರುತಿಸಿದರು.

ರೋಮಕೋಶಗಳು ಹಾಳಾದವರಿಗೆ ಇಡುವ ಕಾಕ್ಲಿಯರ್ ಇಂಪ್ಲಾಂಟ್ ನಿಂತಿರುವುದೂ ಇದೇ ತಳಹದಿಯ ಮೇಲೆ. ಕಿವಿಯ ಹಿಂದಿನ ಪುಟ್ಟ ಸಾಧನ ಮಾತನ್ನು ಪಟ್ಟಿಗಳಾಗಿ ಸೀಳುತ್ತದೆ, ಒಂದೊಂದರ ಏರಿಳಿತವನ್ನೂ ಬಿಡಿಸಿಕೊಳ್ಳುತ್ತದೆ, ವಾಹಕವನ್ನು ಬಿಟ್ಟುಬಿಡುತ್ತದೆ. ಆ ಏರಿಳಿತವನ್ನು ವಿದ್ಯುತ್ ಮಿಡಿತಗಳ ಹೊಸ ವಾಹಕದ ಮೇಲೆ ಹೇರಿ ನೇರವಾಗಿ ಶ್ರವಣ ನರಕ್ಕೆ ಮುಟ್ಟಿಸುತ್ತದೆ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಆ ಸಾಧನವನ್ನು ಮೊದಲ ಸಲ ಚಾಲೂ ಮಾಡಿದಾಗ ಕೆಲವೊಮ್ಮೆ ಮಗು ಆಡುತ್ತಿದ್ದ ಆಟ ನಿಲ್ಲಿಸಿ, ಅಮ್ಮನ ಮುಖ ನೋಡುತ್ತದೆ.